ಎಂಟು ಕಾಲಿನ ಇರುವೆ

ನಮ್ಮ ಊರಿನ ಕಟ್ಟಕಡೆಯ ಮನೆ ಎಸೆನ್‌ಕುಲ್‌ನದು. ಅಲ್ಲಿಂದಾಚೆ ಬರೀ ಏರುದಾರಿ, ಏರು ಮುಗಿದ ಮೇಲೆ ಬೇಸಿಗೆಯ ಹುಲ್ಲುಗಾವಲು. ದೇವರು ಶತ್ರುವಿಗೂ ಕಟ್ಟಕಡೆಯ ಮನೆ ಕೊಡಬಾರದು. ಕುರಿ ಕುದುರೆ ಹೊಡೆದುಕೊಂಡು ಮೇಲೆ ಹತ್ತುವವರು, ‘ಇನ್ನು ಮುಂದೆ ಮನೆಯಿಲ್ಲ, ಇಲ್ಲೇ ಒಂದು ಬಟ್ಟಲು ಚಹಾ ಕುಡಿಯೋಣ’ ಎಂದು ನಿಲ್ಲುತ್ತಾರೆ. ಕೆಳಗೆ ಇಳಿಯುವವರು, ‘ಅಬ್ಬಾ, ಅಂತೂ ಒಂದು ಮನೆ ಸಿಕ್ಕಿತು’ ಎಂದು ನಿಲ್ಲುತ್ತಾರೆ. ಹತ್ತುವುದೂ ಇಳಿಯುವುದೂ ಇಲ್ಲದವರು, ಯಾರು ಹತ್ತಿದರು ಯಾರು ಇಳಿದರು ಎಂದು ವಿಚಾರಿಸಲು ನಿಲ್ಲುತ್ತಾರೆ. ನಿಂತವರನ್ನು ಕೂರಿಸಬೇಕು, ಕೂತವರಿಗೆ ಬಡಿಸಬೇಕು. ಕಿರ್ಗಿಜ್ ಆಗಿ ಹುಟ್ಟಿದ ಮೇಲೆ ಇದರಿಂದ ಬಿಡುಗಡೆಯಿಲ್ಲ.

ಎಸೆನ್‌ಕುಲ್‌ನ ಹೆಂಡತಿ ಚಿನಾರಳ ತವರು ಎರಡು ಕಣಿವೆಯಾಚೆ, ತಲಾಸ್ ಕಡೆ. ಮದುವೆಯಾದ ಮಗಳು ತವರಿಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಒಂದು ಕುರಿಯಾದರೂ ಜೊತೆಗಿರಬೇಕು. ಚಿನಾರ ನಾಲ್ಕು ವರ್ಷದಿಂದ ಹೊರಡುತ್ತಲೇ ಇದ್ದಳು. ಮೊದಲ ವರ್ಷ ಟಗರು ಕೊಬ್ಬಿಸಿ ಗಂಟು ಕಟ್ಟಿದ ದಿನ ಗಂಡನ ಚಿಕ್ಕಪ್ಪನ ಮಗ ಏಳು ಜನರೊಂದಿಗೆ ಬಂದ. ಟಗರು ಅವರ ಊಟಕ್ಕೆ ಹೋಯಿತು. ಎರಡನೆಯ ವರ್ಷ ಮದುವೆ ದಿಬ್ಬಣದವರ ಗಾಡಿ ಇವರ ಮನೆ ಮುಂದೆಯೇ ಕೆಟ್ಟಿತು. ಆ ಟಗರೂ ಹೋಯಿತು. ಮೂರನೆಯ ವರ್ಷ ಬಂದವರು ಬೇರೆ ಯಾವನೋ ಎಸೆನ್‌ಕುಲ್‌ನನ್ನು ಹುಡುಕಿಕೊಂಡು ಬಂದವರು. ಅದು ತಿಳಿಯುವ ಹೊತ್ತಿಗೆ ಟಗರಿನ ತಲೆ ಬೆಂದು ಅವರ ಮುಂದಿತ್ತು. ‘ಪರವಾಗಿಲ್ಲ, ನೀವೂ ಒಳ್ಳೆಯವರೇ’ ಎಂದು ತಿಂದು, ಹರಸಿ, ಕೈ ಒರೆಸಿಕೊಂಡು ಹೋದರು.

ಇದು ನಾಲ್ಕನೆಯ ವರ್ಷ, ನಾಲ್ಕನೆಯ ಟಗರು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ತಲಾಸ್ ಕಡೆಯ ವ್ಯಾನು. ಬೆಳಿಗ್ಗೆ ಎಂಟಕ್ಕೇ ಚಿನಾರ ಹೊಸ ತಲೆವಸ್ತ್ರ ಕಟ್ಟಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಬೋರ್ಸೋಕುಗಳನ್ನು ಬಟ್ಟೆಯಲ್ಲಿ ಗಂಟು ಹಾಕುತ್ತಿದ್ದಳು. ತಾಯಿಗೆ ಈ ಸಲ ಮಂಡಿನೋವು ಹೆಚ್ಚಾಗಿದೆ, ಮಗಳ ಮುಖ ನೋಡಬೇಕೆನ್ನುತ್ತಿದ್ದಾಳೆ ಎಂದು ಎರಡು ಸಲ ಹೇಳಿಕಳಿಸಿದ್ದರು.

ಆಗ ಊಟಕ್ಕೆ ಹಾಸಿದ ಬಟ್ಟೆಯಾದ ದಸ್ತರ್‌ಖಾನಿನ ಮೇಲೆ, ಅತ್ತೆ ಶಾರಿಪಾಳ ಚಹಾ ಬಟ್ಟಲಿನ ಪಕ್ಕಕ್ಕೆ, ಮೇಲಿನ ದೀಪದ ತಂತಿಯಿಂದ ಕಪ್ಪನೆಯ ಒಂದು ಹುಳ ನಿಧಾನವಾಗಿ ಇಳಿಯಿತು.

ಶಾರಿಪಾ ಎಂಬತ್ತು ದಾಟಿದ ಹೆಂಗಸು. ಅವಳು ಬಟ್ಟಲು ಕೆಳಗಿಟ್ಟಳು. “ಜೇಡ ಇಳೀತು. ಇವತ್ತು ಅತಿಥಿಗಳು ಬರ್ತಾರೆ.”

“ಜೇಡ ಅಲ್ಲ ಅತ್ತೆ,” ಎಂದಳು ಚಿನಾರ, ಗಂಟಿನಿಂದ ಕೈ ತೆಗೆಯದೆ. “ಇರುವೆ. ನೋಡಿ, ಇರುವೆ ಥರಾನೇ ಓಡ್ತಿದೆ.”

“ಇರುವೆ ದಾರದಲ್ಲಿ ಇಳಿಯತ್ತಾ? ನನ್ನ ಕಾಲದಲ್ಲಿ ಗೋಡೆ ಮೇಲೆ ನಡ್ಕೊಂಡು ಬರ್ತಿದ್ವು.”

“ಜಾರಿ ಬಿದ್ದಿರತ್ತೆ ಅತ್ತೆ.”

ಇಬ್ಬರೂ ಒಟ್ಟಿಗೆ ಎಸೆನ್‌ಕುಲ್‌ನ ಕಡೆ ತಿರುಗಿದರು.

ಇಲ್ಲಿ ಓದುಗರು ಒಂದು ವಿಷಯ ತಿಳಿದಿರಬೇಕು. ಎರಡು ವರ್ಷದ ಹಿಂದೆ ರಾಜಧಾನಿಯಿಂದ ರಯೀಸಾ ಎಂಬ ಜೇಡದ ಪಂಡಿತೆ ಬಂದು, ಒಂದು ಬೇಸಿಗೆಯೆಲ್ಲ ನಮ್ಮ ಕಲ್ಲು ಪೊದೆಗಳನ್ನು ತಡಕಿದಳು. ಅವಳ ಗಾಡಿ ಓಡಿಸಿದವನು ಎಸೆನ್‌ಕುಲ್. ಹೋಗುವಾಗ ಅವಳು ಅವನಿಗೊಂದು ಭೂತಗನ್ನಡಿ ಕೊಟ್ಟಳು. ಅಂದಿನಿಂದ ಅವನು ಮದುವೆಗೆ ಹೋದರೂ ಮಣ್ಣಿಗೆ ಹೋದರೂ ಇರುವೆ ವೇಷದ ಜೇಡದ ವಿಷಯ ಎತ್ತದೆ ಎದ್ದು ಬಂದವನಲ್ಲ. ಊರವರು ಅವನಿಗೆ ‘ಪಂಡಿತ’ ಎಂದು ಹೆಸರಿಟ್ಟರು, ಕಂಡರೆ ದಾರಿ ಬದಲಿಸಿದರು. ಪಾಪ, ಅವನಿಗಿದ್ದುದು ಅದೊಂದೇ ವಿದ್ಯೆ. ಆದರೆ ಎರಡು ವರ್ಷದಲ್ಲಿ ಒಬ್ಬನಾದರೂ ಅವನನ್ನು ತಾನಾಗಿ ಕೇಳಿರಲಿಲ್ಲ. ಇವತ್ತು ಸ್ವಂತ ಮನೆಯ ಇಬ್ಬರು ಹೆಂಗಸರು ಕೇಳುತ್ತಿದ್ದರು.

ಅವನು ಗಾಜಿನ ಬಟ್ಟಲನ್ನು ಹುಳದ ಮೇಲೆ ಕವುಚಿದ. ಭೂತಗನ್ನಡಿ ತಂದ. ಬೋರಲು ಮಲಗಿ ನೋಡಿದ. ನೋಡುತ್ತ ನೋಡುತ್ತ ಅವನಿಗೆ ತಾನು ಎಲ್ಲಿದ್ದೇನೆ, ಇವತ್ತು ಯಾವ ವಾರ, ಎರಡೂ ಮರೆತುಹೋಯಿತು.

“ಇರುವೆ ಅಲ್ಲವೇ ಅಲ್ಲ!” ಎಂದು ಕೂಗಿದ. “ಅಮ್ಮಾ, ಇದು ಅದೇ! ಇರುವೆ ವೇಷದ ಜೇಡ! ಎಣಿಸು, ಎಂಟು ಕಾಲು. ಮುಂದಿನ ಎರಡನ್ನ ಎತ್ತಿ ಹೇಗೆ ಆಡಿಸ್ತಿದೆ ನೋಡು, ಇರುವೆ ಮೀಸೆ ಅನ್ನಿಸ್ಲಿ ಅಂತ. ಮೀಸೇನೇ ಇಲ್ಲ ಇದಕ್ಕೆ! ಇರುವೆಗೆ ತಲೆ, ಎದೆ, ಹೊಟ್ಟೆ ಅಂತ ಮೂರು ಭಾಗ. ಇದಕ್ಕಿರೋದು ಎರಡೇ. ಮುಂದಿನ ಭಾಗಾನ ನಡುವೆ ಸೊಂಟಪಟ್ಟಿ ಬಿಗಿದ ಹಾಗೆ ಕಿರಿದು ಮಾಡ್ಕೊಂಡು ಮೂರು ಅಂತ ಸೋಗು ಹಾಕಿದೆ, ಕಳ್ಳ! ಕಣ್ಣು ನೋಡು, ಲಾರಿ ದೀಪದ ಹಾಗೆ ಮುಂದಕ್ಕೆ ಎರಡು. ಇರುವೆಗೆಲ್ಲಿಂದ ಬರಬೇಕು ಇಂಥ ಕಣ್ಣು? ಜೇಡ, ಜೇಡ, ನೂರಕ್ಕೆ ನೂರು ಜೇಡ!”

ಹಣೆಯ ಬೆವರು ಒರೆಸಿಕೊಂಡು, ಶಹಭಾಸ್ ಎನ್ನುತ್ತಾರೇನೋ ಎಂದು ತಲೆಯೆತ್ತಿದ.

ಚಿನಾರ ಬೋರ್ಸೋಕಿನ ಗಂಟು ಬಿಚ್ಚತೊಡಗಿದಳು.

“ಗಂಡನ ಬಾಯಿಂದಲೇ ಬಂತಲ್ಲ,” ಎಂದಳು ಶಾರಿಪಾ. “ಅತಿಥಿ ಬರೋ ಮನೆ ಬಿಟ್ಟು ಸೊಸೆ ಹೊರಗೆ ಕಾಲಿಡೋದುಂಟಾ? ಟಗರು ಅಲ್ಲೇ ಇರಲಿ. ನೀರು ಕಾಯೋಕಿಡು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಸೆನ್‌ಕುಲ್ ಮತ್ತೆ ಮಲಗಿ ಮತ್ತೆ ನೋಡಿದ. “ಅಮ್ಮಾ... ಇನ್ನೊಂದು ಸಲ ನೋಡಿದ್ರೆ ಇರುವೆ ಥರಾನೂ ಕಾಣತ್ತೆ.”

“ಈಗ ತಾನೇ ಎಂಟು ಕಾಲು ಅಂದೆ.”

“ಅದರಲ್ಲಿ ಮುಂದಿನೆರಡು ಮೀಸೆ.”

“ಮೀಸೇನೇ ಇಲ್ಲ ಅಂದೆ.”

“ಆಗ ಬೆಳಕು ಸರಿ ಇರ್ಲಿಲ್ಲ.”

“ಕಣ್ಣು ಲಾರಿ ದೀಪ ಅಂದೆ.”

“ಸಣ್ಣ ಲಾರಿ ಅಮ್ಮಾ.”

ಈ ಮಾತು ಗೋಡೆಯಾಚೆಯ ಗುಲ್ಬಾರಾಳ ಕಿವಿಗೆ ಬಿತ್ತು. ಗುಲ್ಬಾರಾಳ ಕಿವಿಗೆ ಬೀಳದ ಮಾತನ್ನು ನಮ್ಮ ಊರಲ್ಲಿ ಇನ್ನೂ ಯಾರೂ ಆಡಿಲ್ಲ. ಸಾಲ ಕೊಟ್ಟ ಜರಡಿ ಕೇಳುವ ನೆವದಲ್ಲಿ ಅವಳು ಒಳಬಂದಳು. ಬಾಗಿಲಿಗೆ ಬಂದವರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳದೆ ಹೋಗುವಂತಿಲ್ಲ, ಮುರಿದು ಹಾಕಿಕೊಂಡಳು. ಭೂತಗನ್ನಡಿ ಹಿಡಿದು ಎಣಿಸಿದಳು.

“ಒಂಬತ್ತು.”

“ಒಂಬತ್ತು ಕಾಲಿನ ಪ್ರಾಣಿ ದೇವರ ಸೃಷ್ಟಿಯಲ್ಲೇ ಇಲ್ಲ ಗುಲ್ಬಾರಾ,” ಎಂದ ಎಸೆನ್‌ಕುಲ್, ಸುಸ್ತಾಗಿ.

“ನಿಮ್ಮ ಮನೇಲಿ ಏನು ಬೇಕಾದ್ರೂ ಇರತ್ತೆ ಬಿಡಿ. ದೊಡ್ಡಮ್ಮಾ, ಇರುವೆ ವೇಷ ಹಾಕಿದ ಜೇಡ ಅಂದ್ರೇನರ್ಥ ಗೊತ್ತಾ? ಜೇಡ ಇಳಿದ್ರೆ ಅತಿಥಿ ಬರ್ತಾನೆ. ವೇಷದ ಜೇಡ ಇಳಿದ್ರೆ ವೇಷ ಮರೆಸ್ಕೊಂಡು ಅತಿಥಿ ಬರ್ತಾನೆ!”

ಶಾರಿಪಾ ಯೋಚಿಸಿದಳು. ಎಂಬತ್ತು ವರ್ಷದಲ್ಲಿ ಇಂಥ ತರ್ಕವನ್ನು ಅವಳೂ ಕೇಳಿರಲಿಲ್ಲ. ಆದರೆ ತಪ್ಪು ಹುಡುಕಲು ಆಗಲಿಲ್ಲ.

ಗುಲ್ಬಾರಾ ಜರಡಿ ಮರೆತು ಹೊರಗೆ ಓಡಿದಳು. ಬೀದಿಯ ಮೊದಲ ಮನೆಯಲ್ಲಿ ಅದು ‘ಎಸೆನ್‌ಕುಲ್ ಮನೆಗೆ ಯಾರೋ ವೇಷ ಮರೆಸಿಕೊಂಡು ಬರುತ್ತಾರಂತೆ’ ಎಂದಾಯಿತು. ಬಾವಿಯ ಹತ್ತಿರ ‘ದೊಡ್ಡ ಅಧಿಕಾರಿಯಂತೆ’ ಎಂದಾಯಿತು. ಪಶುವೈದ್ಯ ಓಮುರ್ಜಾಕ್‌ನ ಬಾಗಿಲಿಗೆ ಬರುವ ಹೊತ್ತಿಗೆ, ರಾಜಧಾನಿಯ ತನಿಖಾಧಿಕಾರಿಯೊಬ್ಬ ಕುರಿಗಾಹಿಯ ವೇಷದಲ್ಲಿ ಬಂದು, ಯಾವ ಯಾವ ಕುರಿಗೆ ಸೂಜಿಮದ್ದು ಹಾಕಿಲ್ಲ ಎಂದು ಎಣಿಸಲಿದ್ದಾನೆ ಎಂದಾಗಿತ್ತು. ಓಮುರ್ಜಾಕ್ ಎರಡು ವರ್ಷದಿಂದ ಸೂಜಿ ಕೈಯಲ್ಲಿ ಹಿಡಿದಿರಲಿಲ್ಲ. ಅವನು ಮದುವೆಯ ಟೈ ಹುಡುಕಿ ಕಟ್ಟಿಕೊಂಡು ಬಂದ.

ಹತ್ತೂವರೆಗೆ ಎಸೆನ್‌ಕುಲ್‌ನ ಅಂಗಳದಲ್ಲಿ ಹದಿನಾಲ್ಕು ಜನ. ಒಬ್ಬೊಬ್ಬರೂ ಬಂದು ರೊಟ್ಟಿ ಮುರಿದರು, ಒಬ್ಬೊಬ್ಬರೂ ಹುಳ ನೋಡಿದರು, ಒಬ್ಬೊಬ್ಬರೂ ಒಂದೊಂದು ಲೆಕ್ಕ ಹೇಳಿದರು. ಆರು ಎಂದವರಿದ್ದರು, ಹತ್ತು ಎಂದವರಿದ್ದರು. ಹುಳವೂ ಪಾಪ, ಬಟ್ಟಲೊಳಗೆ ಸುತ್ತಿ ಸುತ್ತಿ ಸೋತು ಒಂದು ಮೂಲೆಯಿಲ್ಲದ ಮೂಲೆಯಲ್ಲಿ ನಿಂತು, ಮುಂಗಾಲೆರಡನ್ನು ಎತ್ತಿ ಬೇಸರದಿಂದ ಆಡಿಸುತ್ತಿತ್ತು.

ಚಿನಾರ ಚಹಾ ಕೊಡುತ್ತಿದ್ದಳು. ಹೊಸ ತಲೆವಸ್ತ್ರ ಬಿಚ್ಚಿರಲಿಲ್ಲ. ಗಂಟೆ ನೋಡುತ್ತಿರಲಿಲ್ಲ, ಅದೇ ಎಸೆನ್‌ಕುಲ್‌ನನ್ನು ಹೆಚ್ಚು ಕೊಂದದ್ದು. ಅವನು ಒಲೆಯ ಹತ್ತಿರ ಹೋಗಿ ಪಿಸುಗುಟ್ಟಿದ. “ನೀನು ಹಿತ್ತಲಿಂದ ಹೊರಟುಬಿಡು. ನಾನು ನೋಡ್ಕೋತೀನಿ.”

“ಅತ್ತೆ ಬೇಡ ಅಂದ ಮೇಲೆ ಕದ್ದು ಹೋಗ್ಲಾ? ನಮ್ಮಮ್ಮ ಬಾಗಿಲಲ್ಲೇ ಕೇಳ್ತಾಳೆ, ಹೇಳಿ ಬಂದೆಯಾ ಅಂತ. ನೀವೇನೂ ನೋಡ್ಕೊಳ್ಳೋದು ಬೇಡಿ. ಬೆಳಿಗ್ಗೆ ನೋಡಿದ್ದೇ ಸಾಕು.”

ಹೊರಗೆ ಜನ ಟಗರಿನ ಸುತ್ತ ನೆರೆದಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ಕೆಲಸ ಭರದಿಂದ ನಡೆದಿತ್ತು. ತನಿಖಾಧಿಕಾರಿ ಬಂದರೆ ತಲೆ ಅವನಿಗೆ, ಅದರಲ್ಲಿ ತಕರಾರಿಲ್ಲ. ತಲೆಯ ನಂತರದ ಗೌರವದ ತುಂಡಾದ ಸೊಂಟದ ಮೂಳೆ ವಯಸ್ಸಿಗೆ ಹಿರಿಯನಾದ ಅಸಾನಾಲಿ ಅಜ್ಜನಿಗೋ, ಸರ್ಕಾರಿ ಮನುಷ್ಯನಾದ ಓಮುರ್ಜಾಕ್‌ಗೋ ಎಂಬಲ್ಲಿ ಮಾತು ನಿಂತಿತ್ತು. ಓಮುರ್ಜಾಕ್ ಟಗರಿನ ಕೊಬ್ಬಿದ ಬಾಲ ಹಿಸುಕಿ ನೋಡಿ, “ಹದಿನೈದು ಜನಕ್ಕೆ ಆಗತ್ತೆ,” ಎಂದು ವೈದ್ಯಕೀಯ ಅಭಿಪ್ರಾಯ ಕೊಟ್ಟ.

“ಅತಿಥಿಗಳು ಇನ್ನೂ ಬಂದಿಲ್ವಲ್ಲ!” ಎಂದ ಎಸೆನ್‌ಕುಲ್.

“ನಾವೇನು ಹೊರೆ ಹುಲ್ಲೇ?” ಎಂದಳು ಗುಲ್ಬಾರಾ. “ರೊಟ್ಟಿ ಮುರಿದಿಲ್ವಾ?”

ಎಸೆನ್‌ಕುಲ್ ಅವಳನ್ನು ನೋಡಿದ, ಹದಿನಾಲ್ಕು ಜನರನ್ನು ನೋಡಿದ. ಅಮ್ಮನ ಜೇಡ ಸುಳ್ಳು ಹೇಳಿರಲಿಲ್ಲ. ಅವನು ಓಮುರ್ಜಾಕ್‌ನ ಟೈ ಹಿಡಿದು ಪಕ್ಕಕ್ಕೆ ಎಳೆದ.

“ಡಾಕ್ಟ್ರೇ, ನೀವು ಒಂದು ಮಾತು ಹೇಳಿ. ಇದು ಇರುವೆ ಅಂತ. ಇರುವೆ ಆದ್ರೆ ಅತಿಥಿ ಇಲ್ಲ, ತನಿಖೆ ಇಲ್ಲ. ನಿಮಗೂ ಒಳ್ಳೇದು.”

ಓಮುರ್ಜಾಕ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ತನಿಖಾಧಿಕಾರಿ ಬರಬಾರದು, ಸೊಂಟದ ಮೂಳೆ ಬರಬೇಕು. ಆ ಮನುಷ್ಯನ ಕಷ್ಟ ಯಾರಿಗೂ ಬೇಡ. ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ. “ನನಗೆ ಏಳು ಕಾಲು ಕಾಣ್ತಿದೆ. ಏಳು ಅಂದ್ರೆ ಒಂದು ಮುರಿದಿರೋ ಜೇಡಾನೂ ಆಗ್ಬಹುದು, ಒಂದು ಹೆಚ್ಚಾಗಿರೋ ಇರುವೆನೂ ಆಗ್ಬಹುದು. ನಮ್ಮ ಇಲಾಖೆ ಫಾರಂನಲ್ಲಿ ಕುರಿ, ದನ, ಕುದುರೆ, ನಾಯಿ ಅಷ್ಟೇ ಇರೋದು. ಲಿಖಿತವಾಗಿ ಕೇಳಿದ್ರೆ ಮೇಲಕ್ಕೆ ಕಳಿಸ್ತೀನಿ.”

“ವ್ಯಾನು ಹನ್ನೆರಡಕ್ಕೆ ಡಾಕ್ಟ್ರೇ!”

“ಉತ್ತರ ಶರತ್ಕಾಲದ ಹೊತ್ತಿಗೆ ಬರತ್ತೆ.”

ಆಗ ಹನ್ನೊಂದೂವರೆ. ಇಷ್ಟು ಹೊತ್ತೂ ಗೋಡೆಗೆ ಒರಗಿ ತೂಕಡಿಸುತ್ತಿದ್ದ ಅಸಾನಾಲಿ ಅಜ್ಜ ಕಣ್ಣು ಬಿಟ್ಟ. ಆತ ಐವತ್ತು ವರ್ಷ ಕುರಿ ಕಾದವನು. “ನಿಮ್ಮ ಗಲಾಟೆಯಲ್ಲಿ ನಿದ್ದೇನೂ ಬರಲ್ಲ. ಕಾಲು ಯಾಕ್ರೋ ಎಣಿಸ್ತೀರಿ? ಮೇಲೆ ಬೆಟ್ಟದಲ್ಲಿ ನೀರಿಲ್ಲದಾಗ ನಾವು ಇರುವೆ ನೆಕ್ಕಿ ಬಾಯಿ ತೇವ ಮಾಡ್ಕೋತಿದ್ವಿ. ಇರುವೆ ಹುಳಿ. ಜೇಡ ಸಪ್ಪೆ. ಯಾರಾದ್ರೂ ಬಾಯಿಗೆ ಹಾಕ್ಕೊಳ್ಳಿ, ಮುಗೀತು.”

ನಮ್ಮ ಊರಲ್ಲಿ ಹಿರಿಯರ ಮಾತಿಗೆ ಎದುರಾಡುವುದಿಲ್ಲ, ಆದರೆ ಹುಳವನ್ನೂ ತಿನ್ನುವುದಿಲ್ಲ.

“ಜೇಡ ಕೊಂದ್ರೆ ಪಾಪ,” ಎಂದಳು ಶಾರಿಪಾ.

“ಇರುವೆ ಕೊಂದ್ರೂ ಪಾಪವೇ. ತಿಂದವನ ತಲೆಗೆ,” ಎಂದ ಅಜ್ಜ.

ಎಲ್ಲರೂ ಎಸೆನ್‌ಕುಲ್‌ನ ಕಡೆ ನೋಡಿದರು. ಪಂಡಿತ ಅವನೇ ತಾನೇ?

ಎಸೆನ್‌ಕುಲ್ ಬಟ್ಟಲೆತ್ತಿ ಹುಳವನ್ನು ಅಂಗೈಗೆ ಬಿಟ್ಟುಕೊಂಡ. ಅದು ತಲೆಯೆತ್ತಿ ಎರಡು ದೊಡ್ಡ ಕಣ್ಣಿಂದ ಅವನನ್ನೇ ನೋಡಿತು. ಇರುವೆಯೊಂದು ಹಾಗೆ ನೋಡುವುದಿಲ್ಲವೆಂದು ಆ ಇಡೀ ಕಣಿವೆಯಲ್ಲಿ ಬಲ್ಲವನು ಅವನೊಬ್ಬನೇ. ಅವನಿಗೆ ನಿಜವಾಗಿಯೂ ದುಃಖವಾಯಿತು. ನಂತರ ಒಲೆಯ ಹತ್ತಿರ ನಿಂತಿದ್ದ ಚಿನಾರಳನ್ನು ನೋಡಿದ. ಅವಳು ಇವನ ಕಡೆ ನೋಡುತ್ತಿರಲಿಲ್ಲ, ಹದಿನೈದನೆಯ ಬಟ್ಟಲು ತೊಳೆಯುತ್ತಿದ್ದಳು.

ಅವನು ಕಣ್ಣು ಮುಚ್ಚಿ ಹುಳವನ್ನು ಬಾಯಿಗೆ ಹಾಕಿಕೊಂಡ.

ನಾಲಿಗೆಯ ಮೇಲೆ ಅದು ಎರಡು ಹೆಜ್ಜೆ ನಡೆಯಿತು. ಆಮೇಲೆ ಅವನು ಕಚ್ಚಿದ. ಹುಳಿಯಿಲ್ಲ, ಉಪ್ಪಿಲ್ಲ, ಒಗರೂ ಇಲ್ಲ. ನೀರಿನಲ್ಲಿ ನೆನೆದ ಕಾಗದದ ಹಾಗೆ ಸಪ್ಪೆ. ಪಂಡಿತೆ ರಯೀಸಾ ಹೇಳಿಕೊಟ್ಟ ಪಾಠದಲ್ಲಿ ಒಂದಕ್ಷರ ತಪ್ಪಿರಲಿಲ್ಲ.

“ಹುಳಿ!” ಎಂದು ಎಸೆನ್‌ಕುಲ್ ಮುಖವನ್ನೆಲ್ಲ ಮುದುಡಿಕೊಂಡು ಅರಚಿದ. “ಅಯ್ಯಯ್ಯೋ, ಹುಳಿ! ಹಲ್ಲು ಚಳಿತುಹೋಯ್ತು! ಇರುವೆ, ಇರುವೆ, ನೂರಕ್ಕೆ ನೂರು ಇರುವೆ! ನೀರು ಕೊಡ್ರೋ!”

ಅಂಗಳದ ತುಂಬ ಒಂದು ನಿಟ್ಟುಸಿರು ಹಾದುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಓಮುರ್ಜಾಕ್‌ನ ಮುಖದಲ್ಲಿ ಮಾತ್ರ ತನಿಖಾಧಿಕಾರಿ ತಪ್ಪಿದ ಸಂತೋಷವೂ ಮೂಳೆ ತಪ್ಪಿದ ದುಃಖವೂ ಗುದ್ದಾಡಿದವು. ಅವನು ಟೈ ಬಿಚ್ಚಿ ಜೇಬಿಗಿಟ್ಟ.

“ಎರಡು ವರ್ಷದಿಂದ ನಮ್ಮ ಕಿವಿ ತೂತು ಮಾಡಿದ್ನಲ್ಲ ಈ ಮಹಾಪಂಡಿತ!” ಎಂದಳು ಗುಲ್ಬಾರಾ. “ಇರುವೆ ಯಾವುದು ಜೇಡ ಯಾವುದು ಅನ್ನೋದೇ ಗೊತ್ತಿಲ್ಲ!”

“ಕಾಲು ಎಂಟಂತೆ, ಸೊಂಟಪಟ್ಟಿಯಂತೆ.”

“ಆ ಹೆಂಗಸು ಗಾಡಿ ಓಡಿಸೋಕೆ ಮಾತ್ರ ಕರ್ಕೊಂಡು ಹೋಗಿದ್ಲು, ಇವನು ಪ್ರೊಫೆಸರ್ ಆಗ್ಬಿಟ್ಟ.”

ಎಸೆನ್‌ಕುಲ್ ತಲೆ ತಗ್ಗಿಸಿ ನೀರು ಕುಡಿದ. ಇನ್ನು ಮೇಲೆ ಮದುವೆಯಲ್ಲಾಗಲಿ ಮಣ್ಣಿನಲ್ಲಾಗಲಿ ತನಗೆ ಹೇಳಲು ಏನೂ ಉಳಿದಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಜನ ನಗುತ್ತ, ನಗುವುದಕ್ಕಾದರೂ ಸಿಕ್ಕಿತಲ್ಲ ಎಂದು ಒಬ್ಬೊಬ್ಬರೇ ಹೋದರು. ಗುಲ್ಬಾರಾ ಈ ಸಲ ಜರಡಿ ಮರೆಯಲಿಲ್ಲ.

ಶಾರಿಪಾ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. “ಇರುವೆ ಅಂದ ಮೇಲೆ ಏನಿದೆ? ಹೊರಡು ಚಿನಾರ. ವ್ಯಾನು ತಪ್ಪತ್ತೆ.”

ವ್ಯಾನು ಹನ್ನೆರಡೂ ಹತ್ತಕ್ಕೆ ಬಂತು. ಒಳಗೆ ಆಗಲೇ ಹತ್ತೊಂಬತ್ತು ಜನ, ಎರಡು ಕಂಬಳಿ ಮೂಟೆ, ಒಂದು ಹೊಲಿಗೆ ಯಂತ್ರ. ಟಗರನ್ನು ಹಿಂದಿನ ಬಾಗಿಲಿನಿಂದ ನೂಕಿ, ಬಾಗಿಲು ಮುಚ್ಚಿ, ಬಾಗಿಲಿಗೆ ಬೆನ್ನು ಕೊಟ್ಟು ಎಸೆನ್‌ಕುಲ್ ಚಿಲಕ ಹಾಕಿದ. ಚಿನಾರ ಕಿಟಕಿಯಿಂದ ಬಾಗಿದಳು.

“ನಿಜ ಹೇಳಿ. ಹೇಗಿತ್ತು?”

“ಹುಳಿ.”

“ನೀವು ಹುಳಿ ತಿಂದ್ರೆ ಎಡಗಣ್ಣು ಮಾತ್ರ ಮುಚ್ಚತ್ತೆ. ಹದಿನೇಳು ವರ್ಷದಿಂದ ನೋಡ್ತಿದೀನಿ. ಇವತ್ತು ಎರಡೂ ಮುಚ್ಚಿತ್ತು.”

ಎಸೆನ್‌ಕುಲ್ ದಾರಿಯ ಕಲ್ಲನ್ನು ನೋಡುತ್ತ ನಿಂತ. “ಸಪ್ಪೆ,” ಎಂದ.

ಚಿನಾರ ನಾಲ್ಕು ವರ್ಷದಲ್ಲಿ ಮೊದಲ ಸಲ ಬಾಯ್ತುಂಬ ನಕ್ಕಳು. “ಹತ್ತು ದಿನಕ್ಕೆ ಬರ್ತೀನಿ. ರೊಟ್ಟಿ ಬಟ್ಟೇಲಿ ಸುತ್ತಿ ಇಟ್ಟಿದೀನಿ. ಅತ್ತೆಗೆ ಚಹಾ ತೆಳು ಮಾಡಿ ಕೊಡಿ.” ವ್ಯಾನು ಧೂಳೆಬ್ಬಿಸಿಕೊಂಡು ಹೊರಟಿತು. ಟಗರು ಹಿಂದಿನ ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಿತ್ತು.

ಅವನು ಒಳಗೆ ಬಂದು ಅಮ್ಮನಿಗೆ ಚಹಾ ಬಸಿಯುವಷ್ಟರಲ್ಲೇ ಹೊರಗೆ ಜೀಪು ನಿಂತ ಸದ್ದಾಯಿತು. ಇಳಿದವರು ಯಾರೋ, ಯಾವ ಕಡೆಯ ಸಂಬಂಧವೋ, ಒಟ್ಟಿನಲ್ಲಿ ಒಂದು ಜೀಪಿನ ತುಂಬ ಇದ್ದರು. ಎಸೆನ್‌ಕುಲ್ ಕೈಯಲ್ಲಿ ಕೆಟಲ್ ಹಿಡಿದು ಹಾಗೇ ನಿಂತ.

ಶಾರಿಪಾ ಎದ್ದಳು. ರೊಟ್ಟಿಯ ಗಂಟು ಬಗಲಿಗೆ ಇಟ್ಟುಕೊಂಡು ಬಾಗಿಲಿಗೆ ನಡೆದಳು. “ಬನ್ನಿ, ಬನ್ನಿ, ದೇವರು ಕಳಿಸಿದವರು. ರೊಟ್ಟಿ ಮುರೀರಿ. ಸೊಸೆ ತವರಿಗೆ ಹೋಗಿದಾಳೆ, ಟಗರೂ ಅವಳ ಜೊತೆ ತವರಿಗೆ ಹೋಗಿದೆ. ಮೇಲೆ ನನ್ನ ಮೈದುನನ ಡೇರೆ ಇದೆ, ಅವನಿಗೆ ನಲವತ್ತು ಕುರಿ. ಕತ್ತಲಾಗೋ ಮುಂಚೆ ಮುಟ್ಟಬಹುದು, ಹೊರಡಿ.”

ಜೀಪು ಹೋಯಿತು. ಹುಟ್ಟಿದಾಗಿನಿಂದ ಎಸೆನ್‌ಕುಲ್ ಇಂಥದ್ದನ್ನು ಕಂಡಿರಲಿಲ್ಲ.

“ಅಮ್ಮಾ, ಜೇಡ ಇಳಿದ ಮನೆಯಿಂದ ಅತಿಥಿಗಳನ್ನ...” ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡ.

“ಕಚ್ಕೋಬೇಡ. ನಾನೂ ಎಣಿಸಿದ್ದೆ. ಎಂಟೇ ಇತ್ತು. ನನ್ನ ಕಣ್ಣಿಗೆ ಏನಾಗಿದೆ?” ಅವಳು ಕೂತು, ಬಟ್ಟಲಿಗೆ ಕೈ ಚಾಚಿದಳು. “ಈ ಮನೇಲಿ ಆ ಹುಳ ಹೊಸದೇನಲ್ಲ. ನಾನು ಸೊಸೆಯಾಗಿ ಬಂದಾಗಿಂದ ಇಳೀತಾನೇ ಇದೆ, ನಾನು ತವರಿಗೆ ಅಂತ ಗಂಟು ಕಟ್ಟಿದಾಗೆಲ್ಲ ಇಳೀತಿತ್ತು. ನಮ್ಮತ್ತೆ ಜೇಡ ಅಂತಿದ್ಲು. ನಾನು ನಿಮ್ಮಪ್ಪನ ಮುಖ ನೋಡ್ತಿದ್ದೆ.”

ಎಸೆನ್‌ಕುಲ್ ಕೆಟಲ್ ಕೆಳಗಿಟ್ಟ. “ಅಪ್ಪ ಏನಂತಿದ್ರು?”

“ಮಹಾನುಭಾವ. ನಲವತ್ತೊಂದು ವರ್ಷ ಸಂಸಾರ ಮಾಡಿದ್ವಿ. ಒಂದು ಸಲಾನೂ, ಒಂದೇ ಒಂದು ಸಲಾನೂ ಹುಳಿ ಅನ್ನಲಿಲ್ಲ.”